ಕುಲುಮೆಯ ಪಾಲು

ಸಂಜೆ ಏಳಕ್ಕೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವುದು ಆ ಮನೆಯ ರೂಢಿ. ಅವತ್ತೂ ಕೂತರು. ಸೊಸೆ ಮೊದಲ ತುತ್ತು ಬಾಯಿಗಿಟ್ಟವಳು ಅಗಿಯುವುದನ್ನು ನಿಲ್ಲಿಸಿ, ತಟ್ಟೆಯನ್ನೇ ದಿಟ್ಟಿಸುತ್ತ ಕೇಳಿದಳು:

"ಇದಕ್ಕೆ ಉಪ್ಪು ಹಾಕಿದ್ದು ಯಾರು?"

ಅವಳ ಗಂಡ ಇನ್ನೊಂದು ಸೌಟು ಬಡಿಸಿಕೊಂಡ.

"ಅತ್ತೆ, ನಿಮ್ಮನ್ನೇ ಕೇಳ್ತಿರೋದು."

"ನಾನು ಹಾಕಿಲ್ಲ ಕಣಮ್ಮ. ನೀನು ಬೇಡ ಅಂದ ದಿನದಿಂದ ಪಾತ್ರೆಗೆ ಒಂದು ಹರಳೂ ಬಿದ್ದಿಲ್ಲ."

"ಹಾಗಾದ್ರೆ ಇದೇನು? ಬೆಳಿಗ್ಗೆ ಎಂಟಕ್ಕೆ ಇದೇ ಬೇಳೆನ ನನ್ನ ಡಬ್ಬಿಗೆ ತುಂಬ್ಕೊಂಡು ಹೋದೆ. ಸಪ್ಪೆ ಅಂದ್ರೆ ಸಪ್ಪೆ, ಹುಲ್ಲು ಅಗಿದ ಹಾಗಿತ್ತು. ಸಂಜೆ ಹೊತ್ತಿಗೆ ಅದರಲ್ಲಿ ಉಪ್ಪು ಹುಟ್ಟಿತಾ?"

"ಬೇಳೆಗೂ ಬೆವರು ಬಂದಿರಬೇಕು" ಅಂದ ಮಗ. ಹೆಂಡತಿ ನೋಡಿದ ನೋಟಕ್ಕೆ ತಲೆ ತಗ್ಗಿಸಿ ಗಬಗಬ ಉಣ್ಣತೊಡಗಿದ.

ಮನೆಯ ಯಜಮಾನ ಮಾತ್ರ ಏನೂ ಕೇಳಿಸದವನಂತೆ ತಟ್ಟೆ ಒರೆಸಿ ಒರೆಸಿ ತಿಂದ. ಅವನ ಹೆಂಡತಿ ಅದನ್ನು ನೋಡಿದಳು.

ಯಜಮಾನನನ್ನು ಎಲ್ಲರೂ ಊದಪ್ಪ ಎಂದೇ ಕರೆಯುವುದು. ಗಾಜಿನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಕಬ್ಬಿಣದ ಕೊಳವೆ ಬಾಯಿಗಿಟ್ಟು ಸೀಸೆ ಊದಿದವನು. ಊದಿ ಊದಿ ಎರಡೂ ಕೆನ್ನೆ ಜೋತು ಖಾಲಿ ಚೀಲದಂತಾಗಿದ್ದವು. ಅವನ ಹೆಂಡತಿ ಅದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಬೇಯಿಸಿ ಬಡಿಸಿದವಳು. ಎರಡು ಕೈಗೂ ಎರಡು ಬಕೆಟ್ಟು ಹಿಡಿದು ಸಾಲಿನ ಉದ್ದಕ್ಕೂ ಓಡಾಡುತ್ತಿದ್ದುದರಿಂದ ಅವಳು ಬಕೆಟ್ಟಮ್ಮ. ಅವನಿಗೆ ಬಡಿಸುತ್ತ ಬಡಿಸುತ್ತಲೇ ಅವಳ ಮದುವೆಯೂ ಆಗಿಹೋಗಿತ್ತು. ಇಬ್ಬರೂ ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಕಾರ್ಖಾನೆ ಎರಡು ಬೀದಿಯಾಚೆ ಇನ್ನೂ ಹೊಗೆ ಉಗುಳುತ್ತಿತ್ತು. ಹನ್ನೊಂದೂವರೆಗೆ ಮೊದಲ ಪಾಳಿಯ ಊಟದ ಸೈರನ್ನು ಕೂಗುತ್ತಿತ್ತು. ಅದನ್ನು ಆ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಗೋಡೆ ಗಡಿಯಾರದ ಸದ್ದನ್ನು ಯಾರು ಕೂತು ಕೇಳುತ್ತಾರೆ?

ಮೂರು ವಾರದ ಹಿಂದೆ ಊದಪ್ಪ ಬಚ್ಚಲ ಬಾಗಿಲಲ್ಲಿ ಉಸಿರು ಸಿಗದೆ ಗೋಡೆ ಹಿಡಿದು ಕುಸಿದಿದ್ದ. ಜಗತ್ತಿಗೆಲ್ಲ ಉಸಿರು ಹಂಚಿದವನಿಗೆ ಒಂದು ಉಸಿರು ಸಾಲ ಕೊಡುವವರಿಲ್ಲದಂತೆ ಬಾಯಿ ತೆರೆದು ಕೂತಿದ್ದ. ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ರಕ್ತದೊತ್ತಡ ಮೇಲಿನದು ನೂರ ತೊಂಬತ್ತು, ಕೆಳಗಿನದು ನೂರ ಎಂಟು. ಡಾಕ್ಟರು ಅವನ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಬೆರಳು ತೆಗೆದರೂ ಗುಳಿ ಹೋಗಲಿಲ್ಲ, ಹಸಿ ಜೇಡಿಮಣ್ಣಿನಲ್ಲಿ ಒತ್ತಿದ ಹಾಗೆ ಉಳಿದುಕೊಂಡಿತು. ಬಕೆಟ್ಟಮ್ಮ ಅದನ್ನೇ ನೋಡುತ್ತ ನಿಂತಳು.

"ಉಪ್ಪು ನೀರನ್ನ ಮೈಯಲ್ಲಿ ಹಿಡಿದಿಡುತ್ತೆ" ಅಂದಿದ್ದರು ಡಾಕ್ಟರು. "ನೀರು ಹೆಚ್ಚಾದ ಹಾಗೆ ರಕ್ತ ನಾಳಗಳನ್ನ ಒತ್ತುತ್ತೆ. ಅಷ್ಟನ್ನೂ ತಳ್ಳಬೇಕಾದ್ದು ಒಂದೇ ಒಂದು ಹೃದಯ. ತಳ್ಳಿ ತಳ್ಳಿ ಅದರ ಗೋಡೆ ದಪ್ಪಗಾಗಿದೆ, ಸುಸ್ತಾಗಿದೆ."

"ಕೊಳವೆಯೊಳಗೆ ಗಾಜು ಕಟ್ಟಿಕೊಂಡ ಹಾಗೆ" ಅಂದ ಊದಪ್ಪ.

"ಹಾಗೇ ಅನ್ಕೊಳ್ಳಿ. ಕಟ್ಟಿದ ಕೊಳವೆನ ಎಷ್ಟು ದಿನ ಊದ್ತೀರಿ? ಕುಲುಮೆ ಮುಂದೆ ನಿಂತಾಗ ಬೆವರಲ್ಲಿ ಉಪ್ಪು ಹೋಗ್ತಿತ್ತು. ಈಗ ಕುರ್ಚಿ ಮೇಲೆ ಕೂತು ಅಷ್ಟೇ ತಿಂದ್ರೆ ಅದು ಎಲ್ಲಿಗೆ ಹೋಗಬೇಕು? ದಿನಕ್ಕೆ ಅರ್ಧ ಟೀ ಚಮಚ. ಬ್ರೆಡ್ಡು, ಬಿಸ್ಕತ್ತಲ್ಲಿ ಇರೋದೂ ಅದರ ಲೆಕ್ಕಕ್ಕೇ ಸೇರುತ್ತೆ. ಮಾತ್ರೆ ಅದರ ಕೆಲಸ ಮಾಡಬೇಕು ಅಂದ್ರೆ ನೀವು ನಾಲಿಗೆನ ಸುಮ್ಮನಿರಿಸಬೇಕು."

ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಲ್ಲಿಂದ ಒತ್ತಡ ನೋಡುವ ಯಂತ್ರ ತಂದಳು, ಮನೆಗೊಂದು ಕಾನೂನೂ ತಂದಳು. ಒಲೆಯ ಮೇಲಿನ ಪಾತ್ರೆಗೆ ಉಪ್ಪಿಲ್ಲ. ಬೇಕಾದವರು ತಟ್ಟೆಗೆ ಹಾಕಿಕೊಳ್ಳಬಹುದು. ಅದಕ್ಕಾಗಿ ಉಪ್ಪಿನ ಭರಣಿ ಅಡುಗೆಕಟ್ಟೆಯ ಮೇಲೆ ಉಳಿಯಿತು. ಕತ್ತು ಸ್ವಲ್ಪ ಸೊಟ್ಟಗಿದ್ದ ಗಾಜಿನ ಭರಣಿ ಅದು. ಮದುವೆಯಾದ ವರ್ಷ ಊದಪ್ಪ ಅವಳಿಗೆಂದು ಊದಿಕೊಟ್ಟದ್ದು.

ಅವತ್ತಿನ ಊಟದ ನಂತರ ಮನೆಯಲ್ಲಿ ಪತ್ತೇದಾರಿಕೆ ಶುರುವಾಯಿತು.

ಮೊದಲ ಗುಮಾನಿ ಊದಪ್ಪನ ಮೇಲೆ. ಕುಲುಮೆಯ ಕೆಲಸಗಾರರು ಅಂಗಿಯ ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡು ನೆಕ್ಕುತ್ತಿದ್ದುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮಗ ಅಪ್ಪನ ನಾಲ್ಕು ಅಂಗಿ, ಎರಡು ಪ್ಯಾಂಟಿನ ಜೇಬು ತಿರುವಿ ಹಾಕಿದ. ಸಿಕ್ಕಿದ್ದು ಒಂದು ಗುಂಡಿ, ಮುರಿದ ಬಾಚಣಿಗೆ ಹಲ್ಲು.

"ಸಿಕ್ಕಿತೇನೋ ಕಳ್ಳಮಾಲು?" ಎಂದ ಊದಪ್ಪ.

"ಅಪ್ಪ, ನಿಜ ಹೇಳು. ಅಡುಗೆಮನೆಗೆ ನುಗ್ಗಿ ಹಾಕ್ಕೋತೀಯಾ?"

"ಈ ಕಾಲಿಟ್ಕೊಂಡು ಬಚ್ಚಲಿಗೆ ಹೋಗೋಕೆ ಅರ್ಧ ಗಂಟೆ ಬೇಕು. ನುಗ್ಗೋದಂತೆ!"

ಎರಡನೆಯ ಗುಮಾನಿ ಬಕೆಟ್ಟಮ್ಮನ ಮೇಲೆಯೇ. ಸೊಸೆ ಅದನ್ನು ನೇರವಾಗಿ ಹೇಳುವವಳೇ.

"ಪ್ರೀತಿಗೆ ಹಾಕ್ತಿದೀರಾ ಅತ್ತೆ? ಪಾಪ, ಸಪ್ಪೆ ತಿಂತಾರೆ ಅಂತ ಕರುಳು ಚುರುಕ್ ಅನ್ನುತ್ತೆ, ಅಲ್ವಾ?"

"ಪ್ರೀತಿಗೆ ವಿಷ ಹಾಕ್ತಾರೇನಮ್ಮ? ನನ್ನ ಕಣ್ಣಾಣೆ, ನಾನು ಮುಟ್ಟಿಲ್ಲ."

"ಕಣ್ಣಾಣೆ ಬೇಡ. ರುಚಿ ನೋಡ್ಬೇಕಾದ್ರೆ ಗೊತ್ತಾಗಲ್ವಾ ನಿಮಗೆ?"

ಗೊತ್ತಾಗುತ್ತಿರಲಿಲ್ಲ. ಅದೊಂದು ಸತ್ಯವನ್ನು ಬಕೆಟ್ಟಮ್ಮ ಯಾರಿಗೂ ಹೇಳಿರಲಿಲ್ಲ. ಎಷ್ಟೋ ವರ್ಷದಿಂದ ಅವಳ ನಾಲಿಗೆಗೆ ಉಪ್ಪು ತಟ್ಟುವುದು ನಿಂತಿತ್ತು. ಕೈ ಅಳತೆಯಿಂದ ಅಡುಗೆ ಮಾಡುತ್ತಿದ್ದಳು, ಎಲ್ಲರೂ ಚೆನ್ನಾಗಿದೆ ಅನ್ನುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಅಡುಗೆಯವಳ ನಾಲಿಗೆ ಸತ್ತಿದೆ ಅಂದರೆ ಅಡುಗೆಯವಳೇ ಸತ್ತ ಹಾಗೆ ಅಂದುಕೊಂಡು ಬಾಯಿ ಮುಚ್ಚಿಕೊಂಡಿದ್ದಳು.

ಮಾರನೇ ದಿನ, ಮಗ ಮೋಟಾರು ರಿಪೇರಿ ಅಂಗಡಿಗೂ ಸೊಸೆ ಔಷಧಿ ಅಂಗಡಿಗೂ ಮೊಮ್ಮಗಳು ಶಾಲೆಗೂ ಹೋದಮೇಲೆ, ಬಕೆಟ್ಟಮ್ಮ ಭರಣಿಯ ಮುಚ್ಚಳ ತೆಗೆದಳು. ಚಮಚದ ಬೆನ್ನಿನಿಂದ ಉಪ್ಪನ್ನು ಸವರಿ ಸವರಿ ಗಾಜಿನಂತೆ ನುಣ್ಣಗೆ ಮಾಡಿದಳು. ಇರುವೆ ನಡೆದರೂ ಗುರುತು ಕಾಣಬೇಕು, ಹಾಗೆ. ಕಳ್ಳ ಯಾರೇ ಇರಲಿ, ಹೆಜ್ಜೆ ಬಿಟ್ಟೇ ಬಿಡುತ್ತಾನೆ.

ಮಧ್ಯಾಹ್ನದ ಊಟವಾದ ಮೇಲೆ ತೆಗೆದು ನೋಡಿದಳು.

ನುಣುಪಿನ ನಡುವೆ ಒಂದು ಗುಳಿ. ಮೂರು ಬೆರಳು ಕೂಡಿಸಿ ಎತ್ತಿದ ಗುಳಿ. ಅದರ ಪಕ್ಕದಲ್ಲೇ ಬಟಾಣಿ ಕಾಳಿನಷ್ಟು ಗುಂಡಗೆ ಇನ್ನೊಂದು ಒತ್ತು.

ಈ ಗುರುತನ್ನು ಬಕೆಟ್ಟಮ್ಮ ಬಲ್ಲಳು. ಹತ್ತೊಂಬತ್ತು ವರ್ಷ ದಿನವೂ ನೋಡಿದ ಗುರುತು. ಆ ಗುರುತು ಬಿಡುತ್ತಿದ್ದ ಕೈ ಹದಿನೇಳು ವರ್ಷದ ಹಿಂದೆ ಮಣ್ಣು ಸೇರಿತ್ತು.

ಅದು ದೊಡ್ಡಕ್ಕನ ಕೈ.

ದೊಡ್ಡಕ್ಕ ಕ್ಯಾಂಟೀನಿನ ಹಿರಿಯ ಅಡುಗೆಯವಳು. ತರಕಾರಿ ಹೆಚ್ಚುವ ಯಂತ್ರ ಅವಳ ಬಲಗೈ ತೋರುಬೆರಳನ್ನು ನಡುಗೆಣ್ಣಿನ ತನಕ ತಿಂದುಹಾಕಿತ್ತು. ಹಾಗಾಗಿ ಉಪ್ಪನ್ನು ಹೆಬ್ಬೆರಳು, ನಡುಬೆರಳು, ಉಂಗುರಬೆರಳಿನಿಂದ ಎತ್ತುತ್ತಿದ್ದಳು. ಎತ್ತುವಾಗ ಮೋಟು ಬೆರಳು ಉಪ್ಪಿಗೆ ತಾಗಿ ಪಕ್ಕದಲ್ಲಿ ಗುಂಡು ಒತ್ತು ಬೀಳುತ್ತಿತ್ತು.

ಆ ಕ್ಯಾಂಟೀನಿನಲ್ಲಿ ಒಂದು ಪದ್ಧತಿ ಇತ್ತು. ದೊಡ್ಡ ಪಾತ್ರೆಗೆ ಎಲ್ಲರಿಗೂ ಒಪ್ಪುವಷ್ಟು ಉಪ್ಪು ಹಾಕಿ ಇಳಿಸುವರು. ಆಫೀಸಿನವರು, ಪೆಟ್ಟಿಗೆ ಕಟ್ಟುವವರು ಒಂದು ಸಾಲು. ಕುಲುಮೆಯವರು ಇನ್ನೊಂದು ಸಾಲು. ಹನ್ನೊಂದೂವರೆಗೆ ಸೈರನ್ನು ಕೂಗಿದೊಡನೆ ಪಾತ್ರೆಯಿಂದ ಬಕೆಟ್ಟುಗಳಿಗೆ ಸುರಿದು, ಕುಲುಮೆಯ ಸಾಲಿಗೆ ಹೋಗುವ ಒಂದೊಂದು ಬಕೆಟ್ಟಿಗೂ ಇನ್ನೊಂದು ಚಿಟಿಕೆ ಹಾಕಿ ಕಲಕಬೇಕು. ಬೆಂಕಿಯೆದುರು ನಿಂತವರ ಬೆವರಿಗೆ ಅದು ಪರಿಹಾರ. ಅದನ್ನು 'ಕುಲುಮೆಯ ಪಾಲು' ಅನ್ನುತ್ತಿದ್ದರು.

ಬಕೆಟ್ಟಮ್ಮ ಹೊಸದಾಗಿ ಸೇರಿದಾಗ ದೊಡ್ಡಕ್ಕ ಹಿಂದೆ ನಿಂತು ಅವಳ ಮುಂಗೈಯನ್ನು ಹಿಡಿದುಕೊಂಡೇ ಭರಣಿಗೆ ಇಳಿಸಿ ಕಲಿಸಿದ್ದಳು. "ಯೋಚನೆ ಮಾಡಬೇಡ ಹುಡುಗಿ. ನೀನು ಯೋಚನೆ ಮಾಡಿದ್ರೆ ತಪ್ಪುತ್ತೀಯ. ಸೈರನ್ನಿಗೆ ಕೈ ತಾನಾಗೇ ಹೋಗಬೇಕು" ಅನ್ನುತ್ತಿದ್ದಳು. ಕಲಕಿದ ಮೇಲೆ ಕುಲುಮೆಯ ಬಕೆಟ್ಟಿನಿಂದಲೇ ಒಂದು ಸೌಟು ತಾನೂ ಉಣ್ಣುತ್ತಿದ್ದಳು. ಅದೇ ರುಚಿ ಅಂತ. ಐವತ್ತೆಂಟನೆಯ ವಯಸ್ಸಿಗೆ, ಬಕೆಟ್ಟು ಎತ್ತಲು ಬಗ್ಗಿದವಳು ಮತ್ತೆ ಏಳಲಿಲ್ಲ. ತಲೆಯಲ್ಲಿ ರಕ್ತನಾಳ ಒಡೆದಿತ್ತು.

ಭರಣಿ ಮುಚ್ಚಿಟ್ಟು ಬಕೆಟ್ಟಮ್ಮ ಹೊರಗೆ ಬಂದಳು. ಊದಪ್ಪ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ.

"ರೀ, ದೊಡ್ಡಕ್ಕನ ನೆನಪಾಗುತ್ತಾ ನಿಮಗೆ?"

ಅವನು ಬೆಚ್ಚಿದ ಹಾಗೆ ಕಂಡಿತು. "ಈಗ್ಯಾಕೆ ಅವಳ ಸುದ್ದಿ?"

"ಸುಮ್ಮನೆ."

"ಸುಮ್ಮನೆ ಸತ್ತೋರ ಹೆಸರು ಎತ್ತಬಾರದು" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದ.

ಅವಳು ಅವನ ಕಾಲ ಬಳಿ ಕೂತು ಎಲುಬಿನ ಮೇಲೆ ಹೆಬ್ಬೆರಳು ಒತ್ತಿದಳು. ಗುಳಿ ಬಿತ್ತು. ಇಪ್ಪತ್ತು ಎಣಿಸಿದರೂ ತುಂಬಲಿಲ್ಲ. ಭರಣಿಯಲ್ಲೊಂದು ಗುಳಿ, ಕಾಲಿನಲ್ಲೊಂದು ಗುಳಿ. ಅಲ್ಲಿಂದ ಎತ್ತಿದ್ದು ಇಲ್ಲಿಗೆ ಬಂದು ಕೂತಿದೆ ಅನ್ನಿಸಿತು ಅವಳಿಗೆ.

ಕುಲುಮೆಯ ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ನೆನಪಿಗೆ ಬಂದರು. ಮೆಳ್ಳಗಣ್ಣಿನವನು, ಕೆಲಸ ಬಿಟ್ಟ ಎರಡನೇ ವರ್ಷ ಹೋದ. ಹಾಡು ಹೇಳುತ್ತಿದ್ದ ಅವಳಿ ಅಣ್ಣತಮ್ಮಂದಿರು, ಒಬ್ಬನ ಹಿಂದೆ ಒಬ್ಬ. ಸೀಟಿಯವನು, ಬೀಗರ ಮನೆಯ ಮೆಟ್ಟಿಲ ಮೇಲೆ. ಎಲ್ಲರಿಗೂ ಹೃದಯ, ಇಲ್ಲವೇ ಪಾರ್ಶ್ವವಾಯು. ಕುಲುಮೆ ತನ್ನವರನ್ನು ಕರೆಸಿಕೊಳ್ಳುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಕರೆಸಿಕೊಂಡದ್ದು ಕುಲುಮೆಯೋ, ತನ್ನ ಬಕೆಟ್ಟೋ? ಆ ರುಚಿಗೆ ಬಿದ್ದ ನಾಲಿಗೆಯನ್ನು ಅವರು ಮನೆಗೂ ಒಯ್ದಿದ್ದರಲ್ಲ. ಬೆವರು ನಿವೃತ್ತಿಯಾಯಿತು, ಉಪ್ಪು ಆಗಲಿಲ್ಲ.

ಮಾರನೇ ದಿನ ಅವಳು ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡಳು. ಬಾಗಿಲ ಮೇಲರ್ಧಕ್ಕೆ ಗಾಜು. ಆಚೆ ಊದಪ್ಪನ ಕುರ್ಚಿ ಕಾಣುತ್ತಿತ್ತು. ಉಪ್ಪನ್ನು ಸವರಿ, ಭರಣಿಯ ಎದುರು ಮಣೆ ಹಾಕಿ ಕೂತಳು. ಹತ್ತೂವರೆ ಆಯಿತು. ಹನ್ನೊಂದಾಯಿತು. ಒಲೆಯ ಮೇಲೆ ಬೇಳೆ ಮತ್ತೆ ಬಿಸಿಯಾಗುತ್ತಿತ್ತು. ಪಕ್ಕದಲ್ಲಿ ಅವಳ ಪುಟ್ಟ ಸ್ಟೀಲ್ ಬಕೆಟ್ಟು. ಕೆಲಸ ಬಿಡುವಾಗ ಕ್ಯಾಂಟೀನಿನವರು ಹೆಸರು ಕೆತ್ತಿಸಿ ಕೊಟ್ಟದ್ದು. ಊಟದ ಹೊತ್ತಿಗೆ ಎಲ್ಲವನ್ನೂ ಅದಕ್ಕೇ ಸುರಿದಿಡುವುದು ಅವಳ ಅಭ್ಯಾಸ. ಕಣ್ಣು ಎವೆಯಿಕ್ಕದೆ ಭರಣಿಯನ್ನೇ ನೋಡುತ್ತಿದ್ದಳು. ಸೊಟ್ಟ ಕತ್ತಿನ ಗಾಜಿನಲ್ಲಿ ಕಿಟಕಿಯ ಬೆಳಕು ಬಾಗಿ ನಿಂತಿತ್ತು.

ಎಲ್ಲೋ ದೂರದಲ್ಲಿ ಏನೋ ಕೂಗಿದಂತಾಯಿತು.

ಆಮೇಲೆ ನೋಡುತ್ತಾಳೆ, ಬಕೆಟ್ಟು ತುಂಬಿದೆ. ಸೌಟು ತೊಳೆದು ಮಗುಚಿಟ್ಟಿದೆ. ಒಲೆ ಆರಿದೆ. ಚಿಲಕ ಹಾಕಿದಂತೆಯೇ ಇದೆ. ಅವಳು ಮಣೆಯ ಮೇಲೆ ಕೂತಿಲ್ಲ, ನಿಂತಿದ್ದಾಳೆ. ಭರಣಿಯಲ್ಲಿ ಮೂರು ಬೆರಳಿನ ಗುಳಿ, ಪಕ್ಕದಲ್ಲಿ ಗುಂಡು ಒತ್ತು.

ನಡುವಿನ ಗಳಿಗೆ ಎಲ್ಲಿ ಹೋಯಿತು?

ಗಾಜಿನಾಚೆ ನೋಡಿದಳು. ಊದಪ್ಪ ಅವಳನ್ನೇ ನೋಡುತ್ತಿದ್ದ. ಕಣ್ಣು ಕೂಡಿದೊಡನೆ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಪೇಪರು ತಲೆಕೆಳಗಾಗಿತ್ತು.

ಭಾನುವಾರ ಎಲ್ಲರೂ ಮನೆಯಲ್ಲಿದ್ದರು. ಅವತ್ತಿನ ಊಟ ಮಧ್ಯಾಹ್ನವೂ ಸಪ್ಪೆ, ಸಂಜೆಯೂ ಸಪ್ಪೆ.

"ನೋಡಿ, ನಾನು ಮನೇಲಿದ್ರೆ ಉಪ್ಪು ಬರಲ್ಲ" ಎಂದಳು ಸೊಸೆ. "ಹೋದ ಭಾನುವಾರವೂ ಹೀಗೇ ಆಯ್ತು. ನಾನು ಬಾಗಿಲು ದಾಟಿದ ಮೇಲೇ ಅದಕ್ಕೆ ಧೈರ್ಯ ಬರೋದು."

ಬಕೆಟ್ಟಮ್ಮ ಎಂಜಲು ತಟ್ಟೆಗಳನ್ನು ಒಟ್ಟುಮಾಡಿದಳು. ದೊಡ್ಡಕ್ಕ ಬದುಕಿದ್ದಷ್ಟು ದಿನ ಒಂದು ಭಾನುವಾರವೂ ಕೆಲಸಕ್ಕೆ ಬಂದವಳಲ್ಲ. ವಾರದ ರಜೆ ಬಿಟ್ಟುಕೊಡದವಳು ಸತ್ತ ಮೇಲೆ ಬಿಟ್ಟುಕೊಡುತ್ತಾಳೆಯೇ? ಹೀಗೆ ಅಂದುಕೊಂಡಾಗ ನಗು ಬಂತು. ನಗು ಮುಗಿಯುವ ಮೊದಲೇ ಮುಂಗೈ ಮೇಲೆ ಯಾರೋ ತಣ್ಣಗೆ ಹಿಡಿದಂತಾಗಿ, ಸೆರಗಿನಿಂದ ಕೈ ಉಜ್ಜಿಕೊಂಡಳು.

ಮುಂದಿನ ವಾರ ಮತ್ತೆ ಆಸ್ಪತ್ರೆ. ಮಾತ್ರೆ ನುಂಗುತ್ತಿದ್ದರೂ ಒತ್ತಡ ನೂರ ಎಂಬತ್ತರಿಂದ ಇಳಿದಿರಲಿಲ್ಲ. ಕಾಲಿನ ಊತ ಮಂಡಿಗೆ ಏರಿತ್ತು. ಡಾಕ್ಟರು ಈ ಸಲ ಊದಪ್ಪನ ಜೊತೆ ಮಾತಾಡಲಿಲ್ಲ, ಸೊಸೆಯನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಹಾಗೆ ಪಕ್ಕಕ್ಕೆ ಕರೆದರೆ ಏನರ್ಥ ಎಂಬುದು ಯಾವ ಮನೆಯವರಿಗೂ ಬಿಡಿಸಿ ಹೇಳಬೇಕಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಸೊಸೆ ಹೇಳಿದಳು. "ಅತ್ತೆ, ಬೇಜಾರು ಮಾಡ್ಕೋಬೇಡಿ. ಸೋಮವಾರದಿಂದ ನಾನು ಕೆಲಸಕ್ಕೆ ಹೋಗಲ್ಲ. ಅಡುಗೆ ನಾನೇ ಮಾಡ್ತೀನಿ. ನೀವು ಅಡುಗೆಮನೆ ಒಳಗೆ ಕಾಲಿಡೋದು ಬೇಡ."

"ಲೇ, ಅಮ್ಮನ್ನ ಅಡುಗೆಮನೆಯಿಂದ ಆಚೆ ಹಾಕೋದಾ?" ಎಂದ ಮಗ.

"ನಿಮ್ಮಪ್ಪ ಈ ಲೋಕದಿಂದ ಆಚೆ ಹೋಗೋದಕ್ಕಿಂತ ವಾಸಿ."

ಬಕೆಟ್ಟಮ್ಮ ಹೊಸಿಲ ಮೇಲೆ ಕೂತಳು.

"ನೀನು ಹೇಳೋದು ಸರಿ ಕಣಮ್ಮ" ಅಂದಳು. "ಶನಿವಾರದ ತನಕ ಸಮಯ ಕೊಡು. ಹಾಕ್ತಿರೋದು ಯಾರು ಅಂತ ಹಿಡಿದುಕೊಡ್ತೀನಿ. ಹಿಡಿಯೋಕಾಗದಿದ್ರೆ ನಾನೇ ಒಲೆ ಮುಂದಿಂದ ಎದ್ದು ಬರ್ತೀನಿ, ನೀನು ಹೇಳೋದೂ ಬೇಡ."

ಗುರುವಾರ ಮೊಮ್ಮಗಳ ಶಾಲೆಗೆ ರಜೆ. ನೀರಿನ ಟ್ಯಾಂಕು ಒಡೆದಿತ್ತಂತೆ. ಅವಳಿಗೆ ಹತ್ತು ವರ್ಷ. ಒಂದು ಉತ್ತರಕ್ಕೆ ಮೂರು ಪ್ರಶ್ನೆ ಹಾಕುವವಳಾದ್ದರಿಂದ ಮನೆಯಲ್ಲಿ ಅವಳ ಹೆಸರು ಲಾಯರು. ಬೆಳಗಿನಿಂದ ಅಡುಗೆಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಬಟಾಣಿ ಸುಲಿದು ಅರ್ಧ ಪಾತ್ರೆಗೆ, ಅರ್ಧ ಬಾಯಿಗೆ ಹಾಕುತ್ತಿದ್ದಳು. ಅಜ್ಜಿಗೆ ಪಕ್ಕದಲ್ಲೊಂದು ಜೀವ ಇದೆಯಲ್ಲ ಎಂದು ಸಮಾಧಾನವಾಗಿತ್ತು. ಸುಲಿದ ಸಿಪ್ಪೆಯನ್ನು ಬಾಚಿ ಕಸದ ಬುಟ್ಟಿಗೆ ಹಾಕಿ ತಿರುಗಿದಳು.

"ಅಜ್ಜಿ, ಈಗ ಯಾಕೆ ಹಾಗೆ ಮಾಡಿದ್ರಿ?" ಎಂಬ ಮಾತು ಕಿವಿಗೆ ಬಿತ್ತು.

"ಏನು ಮಾಡಿದೆ? ಸಿಪ್ಪೆ ಹಾಕಿ ಬಂದೆ."

"ಸಿಪ್ಪೆ ಹಾಕಿದ್ದು ಆವಾಗಲೇ. ಆಮೇಲೆ ಉಪ್ಪು ಹಾಕಿದ್ರಲ್ಲ."

ಬಕೆಟ್ಟಮ್ಮ ನೋಡಿದಳು. ಬಕೆಟ್ಟು ತುಂಬಿತ್ತು. ಹಬೆ ಏಳುತ್ತಿತ್ತು.

"ನಾನು?"

"ಹೂಂ, ಇನ್ಯಾರು? ಸೈರನ್ನು ಕೂಗಿತು. ನೀವು ನಡು ನೆಟ್ಟಗೆ ಮಾಡ್ಕೊಂಡು ನಿಂತ್ರಿ. ಬಕೆಟ್ಟಿಗೆ ಸುರಿದ್ರಿ. ಭರಣಿಗೆ ಕೈ ಹಾಕಿದ್ರಿ. ನಾನು ಅಜ್ಜಿ, ಅಜ್ಜಿ ಅಂತ ಎರಡು ಸಲ ಕರೆದೆ. ನೀವು ತಿರುಗಿ ನೋಡಲೇ ಇಲ್ಲ."

"ಸುಳ್ಳು ಹೇಳಬೇಡ ಪುಟ್ಟಿ."

"ಸುಳ್ಳಾ? ಹಾಗಾದ್ರೆ ನಿಮ್ಮ ಕೈ ತೋರಿಸಿ."

ಬಕೆಟ್ಟಮ್ಮ ಬಲಗೈ ಎತ್ತಿದಳು. ಹೆಬ್ಬೆರಳು, ನಡುಬೆರಳು, ಉಂಗುರಬೆರಳ ತುದಿಯಲ್ಲಿ ಬಿಳಿ ಹರಳು. ತೋರುಬೆರಳ ನಡುಗೆಣ್ಣಿನ ಮೇಲೂ ನಾಲ್ಕು ಹರಳು.

"ಹೀಗೆ ಹಿಡಿದಿದ್ರಿ" ಎಂದು ಹುಡುಗಿ ತನ್ನ ಪುಟ್ಟ ಕೈ ತೋರಿಸಿದಳು. ತೋರುಬೆರಳನ್ನು ಮಡಚಿ, ಗೆಣ್ಣನ್ನು ಮೋಟಿನಂತೆ ಮುಂದೆ ಮಾಡಿ, ಉಳಿದ ಮೂರನ್ನು ಕೂಡಿಸಿದ ಕೈ. "ಈ ಬೆರಳು ಯಾಕೆ ಮಡಚ್ಕೊಂಡ್ರಿ? ನೋವಿತ್ತಾ? ತಟ್ಟೆಗೆ ಹಾಕ್ಕೊಳ್ಳುವಾಗ ಹೀಗೆ ಮಡಚಲ್ವಲ್ಲ?"

ಕೈ ಹಿಡಿದು ಕಲಿಸಿದವಳು ಉಪ್ಪಿನ ಅಳತೆಯ ಜೊತೆಗೆ ತನ್ನ ಮೋಟು ಬೆರಳನ್ನೂ ಕಲಿಸಿ ಹೋಗಿದ್ದಳು.

"ನಂಬಿಕೆ ಇಲ್ದಿದ್ರೆ ತಾತನ್ನ ಕೇಳಿ. ಅವರೂ ಗಾಜಿನಿಂದ ನೋಡ್ತಾನೇ ಇದ್ರು" ಅಂದಳು ಲಾಯರು, ಸಾಕ್ಷಿ ಒದಗಿಸಿದ ಹೆಮ್ಮೆಯಲ್ಲಿ.

ಬಕೆಟ್ಟಮ್ಮ ಬಾಗಿಲು ತೆಗೆದು ಹೊರಗೆ ಬಂದಳು. ಕೈಯನ್ನು ಮೈಯಿಂದ ದೂರ ಹಿಡಿದಿದ್ದಳು, ಬೇರೆ ಯಾರದೋ ವಸ್ತು ತಂದು ಒಪ್ಪಿಸುವವಳ ಹಾಗೆ.

"ನೀವು ನೋಡಿದ್ರಾ?"

ಊದಪ್ಪ ಕನ್ನಡಕ ತೆಗೆದು ಒರೆಸಿದ. ಒರೆಸಿದ್ದನ್ನೇ ಒರೆಸಿದ.

"ಮೊದಲ ದಿನದಿಂದ ನೋಡ್ತಿದ್ದೀನಿ."

"ಬಾಯಿಗೇನು ಬೀಗ ಬಿದ್ದಿತ್ತಾ? ಎಲ್ಲರ ಮುಂದೆ ಕಣ್ಣಾಣೆ ಇಟ್ಟೆ, ಆವಾಗಲೂ ಸುಮ್ಮನಿದ್ರಲ್ಲ!"

"ಎರಡು ಸಲ ಗೋಡೆ ಹಿಡ್ಕೊಂಡು ಬಾಗಿಲ ತನಕ ಬಂದೆ. ಗಾಜಿನಿಂದ ನಿನ್ನ ಮುಖ ನೋಡಿದೆ. ವಾಪಸು ಬಂದು ಕೂತೆ."

"ಯಾಕೆ?"

"ಅದು ನಿನ್ನ ಮುಖ ಅಲ್ಲ. ದೊಡ್ಡಕ್ಕ ಸೌಟು ಹಿಡ್ಕೊಂಡು ನಮ್ಮ ಸಾಲಿನ ಕಡೆ ನೋಡ್ತಿದ್ಲಲ್ಲ, ಎಷ್ಟು ತಲೆ ಬಂದಿವೆ ಅಂತ ಎಣಿಸ್ತಾ, ಹಾಗೆ ನೋಡ್ತಿರ್ತೀಯ. ನನ್ನ ಕಡೆಗೇ. ಆದ್ರೆ ನನ್ನನ್ನಲ್ಲ. ನನ್ನ ಕುರ್ಚಿ ಹಿಂದೆ ಉದ್ದಕ್ಕೆ ಜನ ನಿಂತಿದ್ದಾರೇನೋ ಅನ್ನೋ ಹಾಗೆ. ಕೂಗಿ ಎಬ್ಬಿಸಿದ್ರೆ ಏನಾಗುತ್ತೋ ಅಂತ ಹೆದರಿದೆ." ಜೋತ ಕೆನ್ನೆ ಕೆರೆದುಕೊಂಡ. "ಮತ್ತೆ, ಸುಳ್ಳು ಯಾಕೆ ಹೇಳಲಿ, ರುಚಿಯಾಗೂ ಇತ್ತು."

"ನಿಮ್ಮ ರುಚಿಗೆ ಬೆಂಕಿ ಬೀಳಲಿ! ಸಾಯ್ತಿದ್ರಲ್ರೀ! ನನ್ನ ಕೈಯಿಂದಲೇ ಸಾಯ್ತಿದ್ರಿ!" ಎಂದು ಬಕೆಟ್ಟಮ್ಮ ಅಲ್ಲೇ ನೆಲದ ಮೇಲೆ ಕೂತು, ನಗುವೋ ಅಳುವೋ ಗೊತ್ತಾಗದ ಹಾಗೆ ಮೈಯೆಲ್ಲ ಅಲುಗಿಸಿದಳು. ಲಾಯರು ಮಾತಿಲ್ಲದೆ ನೀರು ತಂದುಕೊಟ್ಟಳು.

ಸಂಜೆ ಸೊಸೆಗೆ ಎಲ್ಲವನ್ನೂ ಹೇಳಿದರು. ನಾಲಿಗೆ ಸತ್ತಿರುವುದನ್ನೂ ಬಕೆಟ್ಟಮ್ಮ ಮುಚ್ಚಿಡಲಿಲ್ಲ. ಸೊಸೆ ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದರೆ, ಅವಳು ಅತ್ತೆಯ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಕೈಗೆ ಮಾತ್ರೆ ಇಲ್ಲ ಅತ್ತೆ. ಉಪ್ಪನ್ನೇ ಎತ್ತಿಬಿಡೋಣ."

ಭರಣಿ ಸೊಸೆಯ ಬೀರುವಿನೊಳಗೆ ಸೇರಿತು. ಶುಕ್ರವಾರ ಸಂಜೆ ಎಲ್ಲರೂ ಬೇಳೆ ಬಾಯಿಗಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. ಸಿಹಿ. ಕೈ ಸಕ್ಕರೆ ಡಬ್ಬಿ ಹುಡುಕಿಕೊಂಡಿತ್ತು. ಸಕ್ಕರೆ ಎತ್ತಿಟ್ಟರು. ಶನಿವಾರ ಊದಪ್ಪ ಗಾಜು ಬಡಿದು ಕೂಗಿ ತಡೆಯದಿದ್ದರೆ, ಪಾತ್ರೆ ತೊಳೆಯುವ ಪುಡಿ ಬಕೆಟ್ಟಿಗೆ ಬೀಳುವುದರಲ್ಲಿತ್ತು.

"ನೋಡಿದ್ರಾ, ಎಬ್ಬಿಸಿದ್ರೂ ಏನೂ ಆಗಲಿಲ್ಲ" ಎಂದಳು ಬಕೆಟ್ಟಮ್ಮ, ಪುಡಿಯ ಡಬ್ಬಿ ಕೆಳಗಿಡುತ್ತ.

"ಏನೂ ಆಗಲಿಲ್ಲ ಅಂತ ನೀನು ಹೇಳ್ತೀಯ" ಅಂದ ಊದಪ್ಪ. ಎಬ್ಬಿಸುವ ಮೊದಲು ಅವಳು ಯಾರಿಗೋ ಮೆಲ್ಲಗೆ "ಮುಂದೆ ಬಾ" ಅಂದದ್ದನ್ನು ಅವನು ಹೇಳಿದ್ದು ಎಷ್ಟೋ ದಿನದ ಮೇಲೆ.

ಶನಿವಾರಕ್ಕೆ ಗಡುವು ಮುಗಿದಿತ್ತು. ಕಳ್ಳ ಸಿಕ್ಕಿದ್ದರೂ ಕಳ್ಳತನ ನಿಂತಿರಲಿಲ್ಲ. ಬಕೆಟ್ಟಮ್ಮ ಮಾತಿಗೆ ತಪ್ಪುವವಳಲ್ಲ. ಒಲೆಯ ಮುಂದಿನಿಂದ ಎದ್ದು, ಒರೆಸುವ ಬಟ್ಟೆಯನ್ನು ಮಡಚಿ ಸೊಸೆಯ ಕೈಗೆ ಕೊಡಲು ಹೋದಳು.

"ನಾನು ಇದೀನಲ್ಲ" ಎಂದ ಊದಪ್ಪ. "ನಾನೇನು ಊರು ಸುತ್ತೋಕೆ ಹೋಗ್ತೀನಾ? ಆ ಹೊತ್ತಿಗೆ ಅವಳ ಕೈ ಹಿಡ್ಕೊಂಡು ಕೂತಿರ್ತೀನಿ."

"ಈ ವಯಸ್ಸಲ್ಲಿ!" ಅಂದ ಮಗ.

"ಆ ವಯಸ್ಸಲ್ಲಿ ಎರಡು ಕೈಗೂ ಬಕೆಟ್ಟಿರ್ತಿತ್ತು. ಹಿಡಿಯೋಕೆ ಕೈಯೇ ಸಿಗ್ತಿರಲಿಲ್ಲ."

ಸೊಸೆ ಬಟ್ಟೆಯನ್ನು ಅತ್ತೆಯ ಹೆಗಲ ಮೇಲೆ ಹಾಕಿದಳು.

ಹೀಗೆ ಆರು ವಾರ ಕಳೆಯಿತು. ಮೊದಲೆರಡು ವಾರ ಊದಪ್ಪ ತಟ್ಟೆ ತಳ್ಳಿದ, ಕೊಂಕು ಆಡಿದ, ಆಸ್ಪತ್ರೆಯ ಗೋಡೆ ನೆಕ್ಕಿದರೂ ಇದಕ್ಕಿಂತ ರುಚಿ ಅಂದ. ನಾಲ್ಕನೆಯ ವಾರ ಅಂಗಡಿಯ ಬಿಸ್ಕತ್ತು ಕಚ್ಚಿ, "ಥೂ, ಉಪ್ಪು!" ಎಂದು ತಾನೇ ಬೆರಗಾದ. ಮಾತ್ರೆಗಳು ಕೊನೆಗೂ ತಮ್ಮ ಕೆಲಸ ಹಿಡಿದವು. ಯಂತ್ರ ನೂರ ನಲವತ್ತೆರಡು ತೋರಿಸಿತು. ಕಾಲಿನ ಮೇಲೆ ಹೆಬ್ಬೆರಳು ಒತ್ತಿದರೆ ಗುಳಿ ಐದು ಎಣಿಸುವುದರೊಳಗೆ ತುಂಬಿಕೊಳ್ಳುತ್ತಿತ್ತು. ನಾಲಿಗೆ ಮರೆಯುತ್ತದೆ, ಒಂದೂವರೆ ತಿಂಗಳು ಸಾಕು ಅಂದರು ಡಾಕ್ಟರು. ಕೈ ಮರೆಯುವುದಕ್ಕೆ ಎಷ್ಟು ಬೇಕು ಎಂದು ಬಕೆಟ್ಟಮ್ಮ ಕೇಳಲಿಲ್ಲ.

ಆ ದಿನವೂ ಹನ್ನೊಂದು ಇಪ್ಪತ್ತೈದಕ್ಕೆ ಊದಪ್ಪ ಯಾರ ಆಸರೆಯೂ ಇಲ್ಲದೆ ನಡೆದು ಬಂದು ಅಡುಗೆಮನೆಯ ಮಣೆಯ ಮೇ‍ಲೆ ಕೂತ. "ಕೊಡು ಕೈ" ಎಂದ. ಅವಳು ಕೊಟ್ಟಳು. ಕೊಟ್ಟು ಅವನೆದುರು ಕೂತಳು. ಒಲೆಯ ಮೇಲೆ ಬೇಳೆ ಗುಳುಗುಳು ಅನ್ನುತ್ತಿತ್ತು.

ಸೈರನ್ನು ಕೂಗಿತು.

ಅವನ ಅಂಗೈಯೊಳಗೆ ಮೂರು ಬೆರಳು ಕೂಡಿಕೊಂಡವು. ನಾಲ್ಕನೆಯದು ಮಡಚಿ, ಗೆಣ್ಣು ಗಟ್ಟಿಯಾಗಿ ಒತ್ತಿತು. ಅವಳ ನಡು ನೆಟ್ಟಗಾಯಿತು. ಅವನು ಬಿಡಲಿಲ್ಲ.

"ಬಂದ್ಲಾ?"

"ಬಂದ್ಲು" ಎಂದಳು ಬಕೆಟ್ಟಮ್ಮ. ಅವಳ ಕಣ್ಣು ಅವನ ಹೆಗಲಾಚೆ ನೆಟ್ಟಿತ್ತು. ಅವನು ತಿರುಗಿ ನೋಡಲಿಲ್ಲ.

"ಎಷ್ಟು ಜನ ಇದ್ದಾರೆ?"

ಅವಳ ತುಟಿ ಎಣಿಸುವಂತೆ ಅಲುಗಿತು. "ಸಾಲು ಪೂರ್ತಿ ಇದೆ. ಮೆಳ್ಳಗಣ್ಣಿನವನು ತಟ್ಟೆ ಚಾಚ್ತಿದ್ದಾನೆ."

"ಏನೂ ಹಾಕಬೇಡ." ಊದಪ್ಪ ಅವಳ ಕೈಯನ್ನು ಇನ್ನಷ್ಟು ಬಿಗಿ ಹಿಡಿದ. "ನಾನಿದೀನಾ ಅದರಲ್ಲಿ?"

ಬಕೆಟ್ಟಮ್ಮ ಬಹಳ ಹೊತ್ತು ನೋಡಿದಳು. ಮೊದಲಿನಿಂದ ಕೊನೆಯ ತನಕ, ಕೊನೆಯಿಂದ ಮೊದಲ ತನಕ.

"ಇಲ್ಲ" ಎಂದಳು. "ನೀವು ಇಲ್ಲಿ ಕೂತಿದೀರಿ."

ಸೈರನ್ನು ನಿಂತಿತು. ಬೆರಳುಗಳು ಒಂದೊಂದಾಗಿ ಸಡಿಲವಾದವು. ಅವನ ಅಂಗೈಯ ನಡುವೆ ಬಟಾಣಿಯಷ್ಟು ಗುಂಡು ಗುಳಿ ಮೂಡಿತ್ತು. ಅದು ತುಂಬಿಕೊಳ್ಳುವ ತನಕ ಇಬ್ಬರೂ ಅದನ್ನೇ ನೋಡುತ್ತ ಕೂತರು. ತುಂಬಿಕೊಂಡಿತು.

"ಹಾಗಾದ್ರೆ ಬಡಿಸು" ಎಂದ ಊದಪ್ಪ.